ನಡುವಿನ ಪದರ

ಜೀಪು ಸೂಡಿಯ ಓಣಿಯೊಳಗೆ ತಿರುಗುವ ಹೊತ್ತಿಗೆ ಸುಧಾರಾಣಿಗೆ ಎರಡು ಸಂಗತಿ ಖಚಿತವಾಗಿದ್ದವು. ತಪ್ಪು ತನ್ನದು, ಅದನ್ನು ಯಾರಿಗೂ ಹೇಳಬೇಕಾದ ಅಗತ್ಯವಿಲ್ಲ. ಮೊದಲನೆಯದನ್ನು ಅವಳು ಒಪ್ಪಿಕೊಂಡಾಗಿತ್ತು, ಆದರೆ ಅವಳನ್ನು ಕೂತಲ್ಲಿ ಕೂರಲು ಬಿಡದಿದ್ದದ್ದು ಎರಡನೆಯದು. ಗಜೇಂದ್ರಗಡ ಬಿಟ್ಟಾಗಿನಿಂದ ಅಂದಾನೆಪ್ಪ ಮಾತಾಡುತ್ತಲೇ ಇದ್ದ. ಹುಬ್ಬಳ್ಳಿಯ ಅವರ ಕಂಪನಿಗೆ ಈ ಸೀಮೆಯ ರಿಪೇರಿಯವನು ಅವನೇ, ಡ್ರೈವರನೂ ಅವನೇ. ಬಿಸಿಲು ಮುಂದಿನ ಗಾಜಿಗೆ ಬಡಿದು ಕಣ್ಣು ಕುಕ್ಕುತ್ತಿತ್ತು. ಹೊಲಗಳು ಕೊಯ್ಲು ಮುಗಿಸಿ ಬರಿದಾಗಿ ಬಿದ್ದಿದ್ದವು.

"ಮೇಡಮ್ಮಾರ, ಇಷ್ಟಕ್ಕ ನೀವ್ಯಾಕ ಬಿಸಲಾಗ ಬಂದ್ರಿ? ಕೇಬಲ್ ಚುಚ್ಚೂದು, ಹೊಸಾ ಸಾಫ್ಟ್‌ವೇರ್ ಹಾಕೂದು, ಬರೂದು. ನಾ ಒಬ್ಬನ ಮಾಡ್ತಿದ್ದೆ."

"ನೋಡಬೇಕಿತ್ತು," ಎಂದಳು. ಏನನ್ನು ಎಂದು ಅವನು ಕೇಳಲಿಲ್ಲ.

ತಂತಿ ಎಳೆಯಲಾಗದ ಹಳ್ಳಿಗಳಿಗೆಂದು ಅವಳ ಕಂಪನಿ ಮಾಡುತ್ತಿದ್ದ ಫೋನು ನೋಡಲು ಮಾಮೂಲಿ ಮೇಜಿನ ಫೋನೇ. ಬೆನ್ನಿಗೊಂದು ಗಿಡ್ಡ ಆಂಟೆನಾ ಅಷ್ಟೇ ಹೆಚ್ಚು. ಅದರೊಳಗೆ ಮೇಲುಗಡೆ ಮನುಷ್ಯರೊಂದಿಗೆ ವ್ಯವಹರಿಸುವ ಸಾಫ್ಟ್‌ವೇರು: ಒತ್ತಿದ ನಂಬರು, ಬಂದ ಕರೆ, ಎತ್ತಿದ ರಿಸೀವರು. ಕೆಳಗೆ ಎಲೆಕ್ಟ್ರಾನಿಕ್ ಚಿಪ್ಪುಗಳು: ರೇಡಿಯೊದ್ದು, ಗಂಟೆಯದ್ದು, ಬ್ಯಾಟರಿಯದ್ದು. ಚಿಪ್ಪುಗಳನ್ನು ಎಲ್ಲಿ ಅಗ್ಗವೋ ಅಲ್ಲಿಂದ ತರುತ್ತಿದ್ದರಿಂದ ಅವು ಮೇಲಿಂದ ಮೇಲೆ ಬದಲಾಗುತ್ತಿದ್ದವು. ಹಾಗೆ ಬದಲಾದಾಗಲೆಲ್ಲ ಮೇಲಿನದನ್ನು ಹೊಸದಾಗಿ ಬರೆಯುತ್ತ ಕೂತರೆ ಕಂಪನಿ ಉಳಿಯುವುದಿಲ್ಲ. ಆದ್ದರಿಂದ ನಡುವೆ ಒಂದು ಪದರ ಬೇಕು. ಮೇಲಿನವರು ಅದಕ್ಕೆ ಯಾವಾಗಲೂ ಒಂದೇ ಬಗೆಯಲ್ಲಿ ಹೇಳಬೇಕು: ಏಳು, ಮಲಗು, ಬಾರಿಸು. ಕೆಳಗೆ ಯಾವ ಊರಿನ ಯಾವ ಚಿಪ್ಪೇ ಕೂತಿರಲಿ, ಅದರ ಭಾಷೆಗೆ ತಿರುಗಿಸಿ ಕೆಲಸ ಮಾಡಿಸಿ, ಆಯಿತೋ ಇಲ್ಲವೋ ಎಂದು ಮೇಲಕ್ಕೆ ಹೇಳುವುದು ಆ ಪದರದ ಜವಾಬ್ದಾರಿ. ಅದನ್ನು ಯೋಚಿಸಿ ಕಟ್ಟಿದವಳು ಸುಧಾರಾಣಿ. ಎರಡು ವರ್ಷ ಅವಳ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ವಿಶ್ವೇಶ್ವರ ನಗರದ ಬಾಡಿಗೆ ಕೋಣೆಯಲ್ಲಿ ಅನ್ನಕ್ಕಿಟ್ಟು ಮರೆತು, ಕುಕ್ಕರು ಸುಟ್ಟು, ಕೆಳಗಿನ ಮನೆಯವರು ಬಾಗಿಲು ಬಡಿದ ದಿನವೂ ಅವಳು ಅದರೊಳಗೇ ಇದ್ದಳು. ಅದು ತನ್ನದು, ಎಲ್ಲಿಯೂ ಕಾಣದಿರುವುದೇ ಅದರ ಚೆಲುವು ಎಂದು ಅವಳಿಗೆ ಅನ್ನಿಸುತ್ತಿತ್ತು.

ಒಂದು ಅನುಕೂಲ ಮಾಡಿಟ್ಟಿದ್ದಳು. ಹೊಸ ಚಿಪ್ಪು ಬಂದಾಗ ಅದಕ್ಕೆ ಬೇಕಾದ್ದೆಲ್ಲ ಬರೆಯುವವರೆಗೆ ಕೆಲಸ ನಿಲ್ಲಬಾರದಲ್ಲ. ಇನ್ನೂ ಬರೆಯದ ಭಾಗವನ್ನು ಖಾಲಿ ಬಿಟ್ಟರೂ ನಡೆಯುತ್ತಿತ್ತು. ಖಾಲಿ ಭಾಗವನ್ನು ಕೇಳಿದರೆ ಅದು ತನ್ನಷ್ಟಕ್ಕೆ "ಆಯಿತು" ಎಂದು ಉತ್ತರಿಸುತ್ತಿತ್ತು. ಇದನ್ನು ವಿವರಿಸಿದ ಮೀಟಿಂಗಿನಲ್ಲಿ ಉಮರ ಕೈ ಎತ್ತಿದ್ದ. ಅವಳ ಜೊತೆಗೇ ಸೇರಿದವನು, ಮಾತು ಕಡಿಮೆ. "ಬರೀದ ಇದ್ದದ್ದಕ್ಕ ಬರದಿಲ್ಲ ಅಂತನ ಹೇಳಸೋಣಲ್ರೀ. ಸುಮ್ಮನ ಆತು ಅಂದ್ರ ಹ್ಯಾಂಗ?" ಅವಳು ನಕ್ಕಿದ್ದಳು. ಬರೀ ನಕ್ಕಿದ್ದರೆ ಆಗುತ್ತಿತ್ತು, ಎಲ್ಲರ ಕಡೆ ತಿರುಗಿ, "ಉಮರ ಅವರಿಗೆ ಎಲ್ಲದರ ಮೇಲೂ ಸಂಶಯ," ಎಂದೂ ಅಂದಿದ್ದಳು. ಟೇಬಲ್ಲಿನ ಸುತ್ತ ನಗು ಹರಡಿತು. ಮ್ಯಾನೇಜರ್ ಮಲ್ಲೇಶಪ್ಪ, "ಬಾಗತೈತಿ, ಮುರಿಯೂದಿಲ್ಲ. ಡಿಸೈನ್ ಅಂದ್ರ ಇದು," ಎಂದರು. ಉಮರ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ. ಮುಂದೆ ಪುಣೆಗೆ ಹೋದ. ಹೋಗುವ ದಿನ ಎಲ್ಲರ ಟೇಬಲ್ಲಿಗೂ ಬಂದವನು ಅವಳ ಟೇಬಲ್ಲಿಗೆ ಬರಲಿಲ್ಲ.

ಎರಡನೆಯ ಕಂತಿನ ಫೋನುಗಳಿಗೆ ಗಂಟೆಯ ಚಿಪ್ಪು ಬದಲಾಯಿತು. ಈ ಹೊಸದು ಕರೆಂಟು ಹೋದಾಗ ತಾನಾಗಿ ಮಲಗುತ್ತದೆ, ಬಂದಮೇಲೆ ಎಬ್ಬಿಸಬೇಕು. ಎಬ್ಬಿಸುವ ಭಾಗವನ್ನು ಯಾರೂ ಬರೆಯಲಿಲ್ಲ, ಖಾಲಿಯೇ ಉಳಿಯಿತು. ಮೇಲಿನ ಸಾಫ್ಟ್‌ವೇರು ಪ್ರತಿ ಸಲವೂ "ಏಳು" ಎಂದಿತು, ಸುಧಾರಾಣಿಯ ಪದರ ಪ್ರತಿ ಸಲವೂ "ಆಯಿತು" ಎಂದಿತು, ಚಿಪ್ಪು ಮಲಗಿಯೇ ಇತ್ತು. ಕರೆ ಮಾಡಿದವರ ಕಿವಿಗೆ ಗಂಟೆ ಬಾರಿಸುತ್ತಿರುವಂತೆ ಕೇಳುತ್ತದೆ. ಮನೆಯಲ್ಲಿ ಮಾತ್ರ ಸದ್ದಿಲ್ಲ. ಮುಶಿಗೇರಿಯಿಂದ ಒಂದು, ಚಿಕ್ಕನರಗುಂದದಿಂದ ಒಂದು ದೂರು ಬಂದಾಗ ಅವಳು ತನ್ನದೇ ಸಾಲುಗಳನ್ನು ತೆರೆದು ನೋಡಿದಳು. ಹುಡುಕಬೇಕಾಗಲಿಲ್ಲ. ದಿನಕ್ಕೆ ಹತ್ತು ಸಲ ಕರೆಂಟು ಹೋಗುವ ಊರುಗಳಲ್ಲಿ ಆ ಫೋನುಗಳು ತಿಂಗಳುಗಟ್ಟಲೆ ಮೂಗರಂತೆ ಕೂತಿದ್ದವು.

"ಸುಧಾರಣಾ ಅಂತ ಹೇಳ್ರಿ. ದೋಷ ಅಂತ ಅನಬ್ಯಾಡ್ರಿ," ಎಂದಿದ್ದರು ಮಲ್ಲೇಶಪ್ಪ. ಅವಳು "ಆಯ್ತು ಸರ್" ಅಂದಿದ್ದಳು.

ಜೀಪು ನಿಂತಿತು. ಗಾದಿ ಹೊಲಿಯುವ ಬಾಬುಸಾಬ ನದಾಫನ ಮನೆ. ಅಂಗಳದ ಒಂದು ಮೂಲೆಯಲ್ಲಿ ಹತ್ತಿ ಹಿಂಜುವ ಯಂತ್ರ ಸುಮ್ಮನೆ ನಿಂತಿತ್ತು. ಹೊಸ್ತಿಲಲ್ಲಿ ಕೂತಿದ್ದ ಮುದುಕಿ, ಬಾಬುಸಾಬನ ಅಕ್ಕ ರಹಿಮತಬಿ, ಜೀಪಿನಿಂದ ಇಳಿದ ಸುಧಾರಾಣಿಯ ಹೆಗಲ ಚೀಲ ನೋಡಿ, "ಈ ಮನ್ಯಾಗ ಹನಿ ಹಾಕಾಕ ಕೂಸಿಲ್ರೀ ಅಕ್ಕಾರ, ಮುಂದಿನ ಮನಿಗಿ ಹೋಗ್ರಿ," ಎಂದಳು. ಪೋಲಿಯೊ ಹನಿಯವಳು ಎಂದುಕೊಂಡಿದ್ದಳು. ಅಂದಾನೆಪ್ಪ ನಕ್ಕು, "ಫೋನಿನ ಕಂಪನಿಯಾವರವ್ವಾ ನಾವು," ಎಂದ. ಮುದುಕಿ ನಗಲಿಲ್ಲ. "ಇದ್ದ ಕೂಸು ನರಗುಂದದಾಗ ಐತಿ," ಎಂದು ಗೋಡೆಗೆ ಹೇಳಿದಳು.

ಒಳಗಿನಿಂದ ಬಂದ ಬಾಬುಸಾಬ ಎತ್ತರದ ಮನುಷ್ಯ. ಗಡ್ಡದಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆಗಳು. ಕೈಯಲ್ಲಿ ದಬ್ಬಣ ಹಾಗೇ ಇತ್ತು. ಅಂದಾನೆಪ್ಪನಿಗೆ, "ಬರ್ರಿ ಸಾಹೇಬ್ರ," ಎಂದು ಚಾಪೆ ಹಾಸಿದ; ಸುಧಾರಾಣಿಯನ್ನು ಎಲ್ಲಿ ಕೂರಿಸಬೇಕೆಂದು ತಿಳಿಯದೆ ಒಳಗಿನಿಂದ ಕುರ್ಚಿ ತಂದಿಟ್ಟ. ಫೋನು ಗೋಡೆಯ ಗೂಡಿನಲ್ಲಿತ್ತು, ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿತ್ತು. ಬಟ್ಟೆಯನ್ನು ಅವನೇ ತೆಗೆದು ಮಡಚಿ ಪಕ್ಕಕ್ಕಿಟ್ಟ.

"ಫೋನ ಹ್ಯಾಂಗೈತ್ರಿ?" ಎಂದು ಅಂದಾನೆಪ್ಪ ಕೇಳಿದ.

"ಫೋನ ಚಲೋ ಐತ್ರಿ. ಮಾಡೋರಿಲ್ಲ."

ಅಷ್ಟು ಹೇಳಿ ಅವನು ರಿಸೀವರು ಎತ್ತಿ ಕಿವಿಗೆ ಹಿಡಿದು, ಒಳಗಿನ ಗುಂಯ್ ಸದ್ದು ಕೇಳಿಸಿಕೊಂಡು, ಒಪ್ಪಿಗೆಯಾದವನಂತೆ ತಲೆಯಾಡಿಸಿ ಅಂದಾನೆಪ್ಪನಿಗೆ ಕೊಟ್ಟ. "ದಿನಾ ಮುಂಜಾನೆ ನೋಡ್ತೀನ್ರಿ. ಜೀವ ಐತಿ."

ಅಂದಾನೆಪ್ಪ ಕೇಬಲ್ಲು ಚುಚ್ಚಿದ. ಸುಧಾರಾಣಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡಳು. ಹೊಸದು ಒಳಕ್ಕೆ ಹರಿಯುವಷ್ಟು ಹೊತ್ತು ಮಾಡಲು ಏನೂ ಇರಲಿಲ್ಲ. ಆ ಸುಮ್ಮನಿರುವಿಕೆಯಲ್ಲಿ ಅವಳಿಗೆ ರೋಣದ ಮನೆ, ಅದಕ್ಕೆ ತಾಗಿದ ಚೌಡವ್ವನ ಮನೆ ನೆನಪಾದವು. ಆ ಓಣಿಗೆಲ್ಲ ಒಂದೇ ಫೋನು, ಚೌಡವ್ವನ ಪಡಸಾಲೆಯಲ್ಲಿ. ಯಾರದೇ ಕರೆ ಬರಲಿ, ಚೌಡವ್ವ ಗೋಡೆಯ ಮೇಲಿಂದ ಹೆಸರಿಟ್ಟು ಕೂಗುವವಳು. ಒಂದು ಬೇಸಿಗೆ ಸುಧಾರಾಣಿಯನ್ನು ನೋಡಿ ಹೋದವರು, "ಫೋನ ಮಾಡಿ ತಿಳಸ್ತೀವಿ," ಅಂದು ಆ ನಂಬರು ಬರೆದುಕೊಂಡಿದ್ದರು. ಹುಡುಗ ಹೇಗಿದ್ದ ಎಂಬುದೇ ಈಗ ನೆನಪಿಲ್ಲ. ಗಂಟೆ ಬಾರಿಸಿದಾಗೆಲ್ಲ ತಾಯಿ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದದ್ದು, ಚೌಡವ್ವ ಬೇರೆ ಹೆಸರು ಕೂಗಿದ ಮೇಲೆ ಮತ್ತೆ ಬಡಿಯತೊಡಗುತ್ತಿದ್ದದ್ದು ನೆನಪಿದೆ. ರೊಟ್ಟಿ ಬಡಿಯುವ ಸದ್ದು ಮಾತ್ರ ಸ್ವಲ್ಪ ಜೋರಾಗುತ್ತಿತ್ತು.

"ಆತ್ರಿ ಮೇಡಮ್ಮಾರ," ಎಂದ ಅಂದಾನೆಪ್ಪ. ಬಾಬುಸಾಬ ಆಗ ಹಿಂದಿನ ಕೋಣೆಗೆ, ಅರ್ಧ ಹೊಲಿದ ಗಾದಿಯ ಬಳಿಗೆ ಹೋಗಿದ್ದ. ಅಂದಾನೆಪ್ಪ ತನ್ನ ಮೊಬೈಲಿನಿಂದ ನಂಬರು ಒತ್ತಿದ. ಗೂಡಿನಲ್ಲಿದ್ದ ಫೋನು ಮನೆಯೇ ಬೆಚ್ಚುವಂತೆ ಬಾರಿಸಿತು.

ಹಿಂದಿನ ಕೋಣೆಯಲ್ಲಿ ಏನೋ ಉರುಳಿದ ಸದ್ದು. ಬಾಬುಸಾಬ ಬಾಗಿಲ ಚೌಕಟ್ಟಿಗೆ ಹೆಗಲು ತಾಗಿಸಿಕೊಂಡು ಓಡಿ ಬಂದ. ಅಷ್ಟು ದೊಡ್ಡ ಮನುಷ್ಯ ಹಾಗೆ ಓಡುತ್ತಾನೆಂದು ಅವಳು ಎಣಿಸಿರಲಿಲ್ಲ. ಎರಡೂ ಕೈಯಿಂದ ರಿಸೀವರು ಹಿಡಿದು, "ಹಲೋ! ಹಲೋ, ಅವ್ವಾ!" ಎಂದ, ಮಗಳನ್ನು ಕರೆಯುವ ದನಿಯಲ್ಲಿ.

ಅಂದಾನೆಪ್ಪ ಎದುರಿಗೇ ನಿಂತು ತನ್ನ ಮೊಬೈಲಿನೊಳಗೆ, "ಹಲೋ, ನಾನ್ರೀ, ಇಲ್ಲೇ ಅದೀನಿ," ಎಂದು ಜೋರಾಗಿ ನಕ್ಕ. ಕೆಡುಕಿನ ನಗುವಲ್ಲ, ಪ್ರತಿ ಮನೆಯಲ್ಲಿಯೂ ಅವನು ಹೀಗೇ ನಗುತ್ತಿದ್ದ. ಬಾಬುಸಾಬನ ಮುಖದ ಮೇಲೆ ಬಂದದ್ದು ಇಳಿದು ಹೋಗುವುದನ್ನು ಸುಧಾರಾಣಿ ಪೂರ್ತಿ ನೋಡಿದಳು. ಕಣ್ಣು ಬೇರೆ ಕಡೆ ತಿರುಗಿಸಬೇಕೆಂದು ತಿಳಿದೂ ತಿರುಗಿಸಲಿಲ್ಲ. ಅವನು ರಿಸೀವರನ್ನು ನಿಧಾನವಾಗಿ ಇಟ್ಟ. ಆಮೇಲೆ ಅದನ್ನೇ ನೋಡುತ್ತ ನಿಂತ.

"ಇಷ್ಟ ಜೋರ ಬಾರಸ್ತೈತೇನ್ರಿ ಇದು?" ಎಂದ. ಫೋನಿನ ಮೈ ಮುಟ್ಟಿ, "ಮೊದಲ ಬಾರಸ್ತಿದ್ದಿಲ್ಲೇನು?" ಎಂದ.

"ಬಾರಸ್ತಿತ್ತರೀ. ಈಗ ಇನ್ನಷ್ಟು ಚಲೋ ಮಾಡೀವಿ. ಹೌದಲ್ರೀ ಮೇಡಮ್ಮಾರ?"

ಇಬ್ಬರೂ ಅವಳ ಕಡೆ ನೋಡಿದರು. ಅವಳು ಕೇಬಲ್ಲು ಸುತ್ತುತ್ತಿದ್ದಳು. "ಹೌದ್ರಿ," ಎಂದಳು. ಎಷ್ಟು ಸುಲಭವಾಗಿ ಬಂತು ಆ ಮಾತು! ಬಾಯಿ ತಾನಾಗಿ ಹೇಳಿತು. ಬಾಬುಸಾಬ ಮಡಚಿಟ್ಟಿದ್ದ ಬಟ್ಟೆ ಬಿಡಿಸಿ ಫೋನಿಗೆ ಹೊದಿಸಿ, ಅಂಚು ಸರಿಮಾಡಿದ.

ಅಂದಾನೆಪ್ಪ ಜೀಪು ತಿರುಗಿಸುವಾಗ ಅವಳು ಹೊಸ್ತಿಲ ಬಳಿ ನಿಂತಳು. ಕೇಳಬಾರದೆಂದುಕೊಂಡೇ ರಹಿಮತಬಿಯನ್ನು ಕೇಳಿದಳು: "ನರಗುಂದದಲ್ಲಿ ಯಾರಿದ್ದಾರ್ರೀ?"

ಮುದುಕಿಗೆ ಯಾರಾದರೂ ಕೇಳಲಿ ಎಂದೇ ಇತ್ತೇನೋ. ಬಾಬುಸಾಬನಿಗೆ ಒಬ್ಬಳೇ ಮಗಳು, ಅಫ್ರೀನ. ತಾಯಿಯಿಲ್ಲದ ಹುಡುಗಿಯನ್ನು ನರಗುಂದದ ಸೈಕಲ್ ರಿಪೇರಿಯ ಸಲಾವುದ್ದೀನನಿಗೆ ಕೊಟ್ಟಿದ್ದರು. ಹಬ್ಬಕ್ಕೆ ಬಂದ ಅಳಿಯನಿಗೆ ಬಾಬುಸಾಬ ನಾಲ್ಕು ಮಂದಿಯ ಎದುರು, "ಪಂಕ್ಚರ್ ತಿದ್ದಿ ಮನಿ ನಡಸಾಕ ಆಗತೈತೇನಪಾ," ಅಂದ. ಅಳಿಯ ತಾಟು ಬಿಟ್ಟೆದ್ದ. ಅವನ ಹಿಂದೆ ಮಗಳೂ ಎದ್ದಳು. "ನೀವಾಗಿ ಕರ್ಯೂ ತನಕ ಬರೂದಿಲ್ಲ ಅಂತ ಹೋದ್ಲ್ರಿ. ಇಂವಾ ಈ ಫೋನ ಹಾಕಿಸಿ ಬಸ್ಸಿನವರ ಕೈಯಾಗ ನಂಬರ ಕಳಿಸಿದ. ಅದೇ ಕರದಂಗ ಅಲ್ಲೇನು ಅಂತಾನ. ಅಕಿ ಒಂದ ಸಲನೂ ಮಾಡ್ಲಿಲ್ಲ. ಚೊಚ್ಚಲ ಬಾಣೆಂತನ ತವರಿನ್ಯಾಗ ಆಗಬೇಕಾಗಿದ್ದು ಅಲ್ಲೇ ಆತು. ಗಂಡು ಕೂಸ ಹುಟ್ಟೇತಿ ಅನ್ನೂದು ನಮಗ ಕಂಡಕ್ಟರ್ ಹೇಳಿದ್ರಿ. ಕಂಡಕ್ಟರ್! ಅಂದಿನಿಂದ ಇಂವಾ ನನ್ನ ಕೂಡನೂ ಮಾತು ಬಿಟ್ಟಾನ."

ದಾರಿಯಲ್ಲಿ ರೋಣ ಸಿಕ್ಕಿತು; ಸುಧಾರಾಣಿ ಹುಟ್ಟಿದ ಊರು ಕಿಟಕಿಯಲ್ಲಿ ಬಂದು ಹೋಯಿತು. ಚೌಡವ್ವನ ಮನೆಯಿದ್ದ ಕಡೆ ಈಗ ಗೊಬ್ಬರದ ಅಂಗಡಿ. ಮಲ್ಲೇಶಪ್ಪನವರ ಫೋನು ಬಂತು. "ಎಲ್ಲಾ ಆತೇನ್ರಿ? ಯಾರೂ ಏನೂ ಕೇಳಿಲ್ಲಲ್ಲ?" "ಇಲ್ಲ ಸರ್." "ಮತ್ತ ಎಲ್ಲಾದಕ್ಕೂ ತಾನಾಗಿ ಆಯಿತು ಅನ್ನೂದು ತಗೀಬೇಕು ಅಂತ ಬರದೀರಲ್ಲ, ಅದು ಬ್ಯಾಡ್ರಿ. ಹೊಸಾ ಚಿಪ್ಪು ಬಂದಾಗೊಮ್ಮೆ ಕೆಲಸ ನಿಲ್ತೈತಿ. ಇದೊಂದು ತಿದ್ದೀರಿ, ಸಾಕು." ಅವಳು ಉತ್ತರ ಕೊಡಲಿಲ್ಲ. ಗುಡ್ಡ ಅಡ್ಡ ಬಂದು ಸಿಗ್ನಲ್ಲು ಹೋಯಿತೆಂದು ಅವರು ತಿಳಿದುಕೊಂಡರು, ಹಲೋ ಹಲೋ ಎಂದು ಇಟ್ಟುಬಿಟ್ಟರು. ಸಿಗ್ನಲ್ಲು ಪೂರ್ತಿ ಇತ್ತು.

ನರಗುಂದದಲ್ಲಿಯೂ ಎರಡು ಫೋನು ನೋಡುವುದಿತ್ತು. ಅಂದಾನೆಪ್ಪನನ್ನು ಆ ಕೆಲಸಕ್ಕೆ ಬಿಟ್ಟು ಅವಳು ಸಲಾವುದ್ದೀನನ ಮನೆ ಕೇಳುತ್ತ ಹೋದಳು. ಗುಡ್ಡದ ಬುಡದ ಓಣಿ, ಒಂದು ಕೋಣೆಯ ಮನೆ. ಅಫ್ರೀನ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಗಂಡ ಅಂಗಡಿಯಲ್ಲಿದ್ದ. ಅವಳೂ ಎತ್ತರ, ಅಗಲ ಹಣೆ. ತಂದೆಯನ್ನು ನೋಡಿದವರಿಗೆ ಬೇರೆ ಗುರುತು ಬೇಕಿರಲಿಲ್ಲ. ಸೂಡಿಯಿಂದ ಬಂದೆ ಎಂದ ಕೂಡಲೆ ಅವಳ ಕೈ ನಿಂತಿತು.

"ಅಪ್ಪಾರು ಕಳಿಸ್ಯಾರೇನ್ರಿ?"

"ಇಲ್ಲಮ್ಮಾ. ನಾನಾಗೇ ಬಂದೆ. ನೀವು ಅವರಿಗೆ ಫೋನ್ ಮಾಡಿದ್ದಿರಾ?"

ಅಫ್ರೀನ ಕೂಸಿನ ಪಾದ ಒರೆಸಿದಳು. "ಮಾಡಿದ್ದೆ. ಕಾಯಿನ್ ಬೂತಿನಿಂದ. ಏಳನೇ ತಿಂಗಳಾದಾಗಿಂದ ಮಾಡಿದ್ದೆ, ಕರಕೊಂಡ ಹೋಗ್ರಿ ಅನ್ನಾಕ. ಟ್ರಿಂಗ್ ಟ್ರಿಂಗ್ ಅಂತಿತ್ತು. ಎತ್ತಲಿಲ್ಲ. ಅಂಗಡ್ಯಾವ, 'ನಿಮ್ಮವರು ಮನ್ಯಾಗ ಇರೂದ ಇಲ್ಲೇನವಾ' ಅಂದ. ಅಂದಿನಿಂದ ಬಿಟ್ಟೆ."

ಆಗ ಸುಧಾರಾಣಿ ಹೇಳಿದಳು. ಹೇಳುವಾಗ ತನ್ನ ದನಿ ಆಫೀಸಿನ ದನಿಯಂತಿದೆ ಅನ್ನಿಸಿ ಮತ್ತೆ ಮೊದಲಿನಿಂದ ಹೇಳಿದಳು. ನೀವು ಮಾಡಿದಾಗ ಆ ಮನೆಯಲ್ಲಿ ಗಂಟೆ ಬಾರಿಸಲೇ ಇಲ್ಲ, ಬಾರಿಸುವುದು ಮಲಗಿತ್ತು, ಎದ್ದಿತೇ ಎಂದು ಕೇಳಿದರೆ ಎದ್ದಿತು ಎಂದು ಹೇಳುವ ಹಾಗೆ ನಾನೇ ಮಾಡಿಟ್ಟಿದ್ದೆ.

"ಮತ್ತ ನನಗ ಕೇಳ್ತಿತ್ತಲ್ರೀ?"

"ಅದು ನಿಮಗಷ್ಟೇ ಕೇಳ್ತಿತ್ತು."

"ಅಂದ್ರ ಸುಳ್ಳ ಹೇಳ್ತಿತ್ತು."

"ಹೌದು."

"ಅದಕ್ಕೇನ ಬಂದಿತ್ರೀ ಸುಳ್ಳ ಹೇಳಾಕ?" ಅಫ್ರೀನಳಿಗೆ ನಿಜವಾಗಿ ಅಚ್ಚರಿಯಾಗಿತ್ತು. ಸುಧಾರಾಣಿ, ಕೆಲಸ ನಿಲ್ಲಬಾರದೆಂದು, ಎಂದಳು. ಆ ಕೋಣೆಯಲ್ಲಿ ಆ ಮಾತು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ಅವಳು ಅದನ್ನು ಪೂರ್ತಿ ಮಾಡಲಿಲ್ಲ. ಬೈಯಲಿ ಎಂದು ಕಾದಳು. ಇಷ್ಟು ದೂರ ಬಂದದ್ದು ಅದಕ್ಕೇ ಎಂದು ಈಗ ತಿಳಿಯಿತು. ಬೈದರೆ ಒಂದು ಲೆಕ್ಕ ಮುಗಿಯುತ್ತದೆ, ಈ ಮನೆಯ ಸಂಕಟದಲ್ಲಿ ತನಗೂ ಒಂದು ಜಾಗ ಸಿಗುತ್ತದೆ.

ಅಫ್ರೀನ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. "ಫೋನ ಕೆಟ್ಟಿತ್ತು, ಖರೇ," ಎಂದಳು. "ಬಸ್ಸೂ ಕೆಟ್ಟಿತ್ತೇನ್ರಿ?"

ಸುಧಾರಾಣಿ ಹೆಗಲ ಚೀಲ ಸರಿಮಾಡಿಕೊಂಡಳು.

"ಬಸ್ ದಿನಾ ಬರ್ತಾವ. ಅಪ್ಪಾರಿಗಿ ನನ್ನ ಮನಿ ಗೊತ್ತೈತಿ. ನೀವು ಸುಮ್ಮನ ಮನಸಿಗಿ ಹಚ್ಚಿಕೋಬ್ಯಾಡ್ರಿ ಅಕ್ಕಾರ. ಕುಂದರ್ರಿ, ಚಾ ಮಾಡ್ತೀನಿ."

ಚಹಾ ಕುಡಿದಳು. ಬೆಲ್ಲದ ಚಹಾ, ಬಿಸಿ ಇತ್ತು. ಅಫ್ರೀನ ಕೂಸಿಗೆ ಅಂಗಿ ತೊಡಿಸುತ್ತ ಕೂತಳು. ಸುಧಾರಾಣಿಗೆ ಅನ್ನಿಸಿತು: ತನ್ನ ತಪ್ಪು ಇಲ್ಲಿ ಯಾರಿಗೂ ಬೇಡವಾಗಿದೆ; ಇವರ ಜಗಳ, ಇವರ ಹಟ, ಇವರ ಪ್ರೀತಿ ಎಲ್ಲವೂ ತಾನಿಲ್ಲದೆಯೇ ತುಂಬಿಕೊಂಡಿವೆ. ಲೋಟ ಇಟ್ಟು ಎದ್ದಳು. ಬಾಗಿಲು ದಾಟುವಾಗ ಅಫ್ರೀನ ಹಿಂದಿನಿಂದ ಕೇಳಿದಳು:

"ಅಪ್ಪಾರು ಆ ಫೋನ ಮುಟ್ಟತಾರೇನ್ರಿ?"

"ದಿನಾ ಮುಂಜಾನೆ ಎತ್ತಿ ಕಿವಿಗೆ ಹಿಡೀತಾರಂತೆ. ಜೀವ ಇದೆಯಾ ಅಂತ."

ಅಫ್ರೀನ ಗೋಡೆಯ ಕಡೆ ತಿರುಗಿ ನಿಂತಳು. ಕೂಸು ಅವಳ ಹೆಗಲ ಮೇಲಿಂದ ಸುಧಾರಾಣಿಯನ್ನು ನೋಡುತ್ತಿತ್ತು.

ಬಸ್ ನಿಲ್ದಾಣದ ಎದುರು ಒಂದು ಟೆಲಿಫೋನ್ ಬೂತು. ಮೊಬೈಲು ಚೀಲದಲ್ಲಿಯೇ ಇತ್ತು, ಆದರೆ ಅದು ಕಂಪನಿಯದು. ಅದರಿಂದ ಈ ಕರೆ ಮಾಡಲು ಮನಸ್ಸಾಗಲಿಲ್ಲ. ಗಾಜಿನ ಬಾಗಿಲು ಎಳೆದುಕೊಂಡು ಸೂಡಿಯ ನಂಬರು ಒತ್ತಿದಳು. ಆ ಕಡೆ ಬಾರಿಸುವುದು ಕೇಳಿಸಿತು. ಈ ಸದ್ದನ್ನು ನಂಬಬಹುದೇ ಎಂದು ಒಂದು ಕ್ಷಣ ಅನ್ನಿಸುವುದರೊಳಗೆ ರಿಸೀವರು ಎತ್ತಿದ ಸಪ್ಪಳ.

"ಅಫ್ರೀ?"

"ಅಲ್ಲರೀ. ನಾನು. ಮುಂಜಾನೆ ಬಂದಿದ್ದೆನಲ್ಲ, ಫೋನಿನ ಕಂಪನಿಯಾಕಿ." ಹುಬ್ಬಳ್ಳಿಯ ಆಫೀಸಿನಲ್ಲಿ ಬಿಟ್ಟುಕೊಟ್ಟಿದ್ದ ಊರಿನ ಮಾತು ಅವಳಿಗೆ ತಿಳಿಯದಂತೆ ನಾಲಿಗೆಗೆ ಬಂದಿತ್ತು. "ಮುಂಜಾನೆ ನಾ ಸುಳ್ಳ ಹೇಳಿದೆ ಬಾಬುಸಾಬಣ್ಣಾರ. ನಿಮ್ಮ ಫೋನ ಬಾರಸ್ತಿದ್ದಿಲ್ಲ. ನಿಮ್ಮ ಮಗಳು ಮಾಡಿದ್ದಳ್ರಿ. ಕರಕೊಂಡ ಹೋಗ್ರಿ ಅನ್ನಾಕ ಏಳನೇ ತಿಂಗಳಿನಿಂದ ಮಾಡಿದ್ದಳು. ನಿಮಗ ಕೇಳಿಲ್ಲ. ಈಗ ಅಕಿ ಫೋನಿನ ದಾರಿ ಕಾಯಾಕತ್ತಿಲ್ಲರೀ. ಬಸ್ಸಿನ ದಾರಿ ಕಾಯಾಕತ್ತಾಳ."

ಆ ಕಡೆ ಉಸಿರಾಡುವುದು ಕೇಳುತ್ತಿತ್ತು. ಬೈಗುಳಕ್ಕೆ ಅವಳು ಕಿವಿ ಕೊಟ್ಟಳು. ಬೈಗುಳ ಬರಲಿಲ್ಲ. ರಿಸೀವರನ್ನು ಫೋನಿನ ಮೇಲಿಡದೆ ಗೂಡಿನ ಕಲ್ಲಿನ ಮೇಲೆ ಹಾಗೆಯೇ ಇಟ್ಟ ಸದ್ದಾಯಿತು. ಆಮೇಲೆ ದೂರದಿಂದ, "ಅಕ್ಕಾ, ನನ್ನ ಬಿಳೀ ಅಂಗಿ ಎಲ್ಲೈತಿ?"

"ಯಾಕ? ಎಲ್ಲಿಗಿ?"

"ನರಗುಂದಕ್ಕ."

"ಈಗ?"

"ಈಗ."

ಟ್ರಂಕಿನ ಮುಚ್ಚಳ ತೆರೆಯಿತು. ಏನೋ ಬಿತ್ತು. ಒಂದು ಕೋಳಿ ಕೂಗುತ್ತ ಒಳಗೆ ಬಂದು ಹೊರಗೆ ಹೋಯಿತು. ಚಪ್ಪಲಿಯ ಸದ್ದು ಅಂಗಳ ದಾಟಿತು. ರಹಿಮತಬಿ ಅವನ ಹಿಂದೆ ಕೂಗಿದಳು, "ಬರಿಗೈಲಿ ಹೋಗಬ್ಯಾಡೋ, ನಿಂದರ. ಕೂಸಿನ ತಲಿಗಿ ಕುಂಚಿಗಿ ಹೊಲದಿಟ್ಟೀನಿ, ನಿಂದರ." ಟ್ರಂಕಿನ ತಳ ಕೆದಕುವ ಸದ್ದು, ಬಟ್ಟೆಗಳ ಸರಬರ, ಮುದುಕಿ ತನಗೆ ತಾನೇ ಬೈದುಕೊಳ್ಳುವುದು, ಹುಡುಕುತ್ತಲೇ ನಗುವುದು ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿತ್ತು. ಫೋನು ತೆರೆದೇ ಇದೆ ಎಂಬುದು ಆ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಇಟ್ಟುಬಿಡಬೇಕೆಂದು ಸುಧಾರಾಣಿಗೆ ತಿಳಿದಿತ್ತು. ಅವಳು ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

ಬೂತಿನವನು ಗಾಜಿನ ಮೇಲೆ ಬೆರಳಿನಿಂದ ತಟ್ಟಿದ. "ಮುಗೀತೇನ್ರಿ ಅಕ್ಕಾರ? ನಿಮ್ಮ ಮಾತ ಕೇಳಸವಲ್ದು."

"ತಡೀರಿ," ಎಂದಳು ಸುಧಾರಾಣಿ, ಬಾಯಿಗೆ ಕೈ ಅಡ್ಡ ಹಿಡಿದು, ಮೆಲ್ಲಗೆ. "ಇನ್ನೂ ಮಾತಾಡಾಕತ್ತಾರ."